ವಿನಾಯಿತಿ ಬೇಕು, ಎರಡನೆಯ ಹಂತಕ್ಕೆ ಮಾತ್ರ



ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಬಯಸುವ ಭಾರತದ ವಕೀಲರಿಗೆ ಅಲ್ಲಿನ ಅರ್ಹತಾ ಪರೀಕ್ಷೆಯಿಂದ (ಎಸ್‌ಕ್ಯೂಇ) ಪೂರ್ತಿ ವಿನಾಯಿತಿ ಸಿಗಬೇಕು, ನಮ್ಮ ಕಾನೂನು ಹುಟ್ಟಿದ್ದೇ ಅಲ್ಲಿಂದ ಎಂಬ ಮಾತು ವಕೀಲರ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಈ ಬೇಡಿಕೆಯಲ್ಲಿ ಅರ್ಧ ಮಾತ್ರ ನ್ಯಾಯವಿದೆ.

2021ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಈ ಪರೀಕ್ಷೆಯ ಮೊದಲ ಹಂತ ಕಾನೂನಿನ ತಿಳಿವಳಿಕೆಯದು. ಎರಡು ಪತ್ರಿಕೆ, ಒಂದೊಂದರಲ್ಲಿ 180 ಪ್ರಶ್ನೆ. ಇದನ್ನು ಬಿಟ್ಟುಕೊಡುವುದು ಅಪಾಯ, ಏಕೆಂದರೆ ಎರಡು ಕಡೆಯ ಕಾನೂನು ಒಂದೇ ಅಲ್ಲ. ನಮ್ಮ 1872ರ ಕರಾರು ಕಾಯ್ದೆಯ ಪ್ರಕಾರ ಪ್ರತಿಫಲವನ್ನು ಮೂರನೆಯವರು ಕೊಟ್ಟರೂ ನಡೆಯುತ್ತದೆ. ಒಂದು ಪ್ರಕರಣ ನೋಡಿ: ತಾಯಿ ಮಗಳಿಗೆ ಜಮೀನು ದಾನ ಕೊಟ್ಟಳು. ತನ್ನ ಬಂಧುವಿಗೆ ವರ್ಷಾಶನ ಕೊಡುತ್ತಿರಬೇಕೆಂದು ವಿಧಿಸಿದಳು. ಮಗಳು ಒಪ್ಪಿ ಬರೆದುಕೊಟ್ಟು ಆಮೇಲೆ ತಪ್ಪಿದಾಗ, ಆ ಬಂಧು ಏನೂ ಕೊಡದಿದ್ದರೂ 1882ರ ಚಿನ್ನಯ್ಯ–ರಾಮಯ್ಯ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟು ಹಣ ಕೊಡಿಸಿತು. ಇಂಗ್ಲೆಂಡಿನಲ್ಲಿ ಪ್ರತಿಫಲ ಮಾತು ಪಡೆದವನಿಂದಲೇ ಬರಬೇಕು. ಜಮೀನಿನ ವಿಷಯದಲ್ಲಂತೂ ಅಂತರ ಇನ್ನೂ ಹೆಚ್ಚು. ಇಲ್ಲಿ ಕ್ರಯಪತ್ರ ನೋಂದಣಿಯಾದರೂ ಹಕ್ಕಿಗೆ ಸರ್ಕಾರದ ಖಾತರಿಯಿಲ್ಲ. ವಕೀಲರು ಹಳೆಯ ಪತ್ರಗಳನ್ನೂ ಋಣಭಾರ ಪ್ರಮಾಣಪತ್ರವನ್ನೂ (ಇ.ಸಿ.) ಜಾಲಾಡಬೇಕು. ಅಲ್ಲಿ ನೋಂದಣಿ ಪುಸ್ತಕದಲ್ಲಿರುವುದೇ ಹಕ್ಕು, ಅದರಲ್ಲಿ ತಪ್ಪಾಗಿ ನಷ್ಟವಾದರೆ ಪರಿಹಾರವೂ ಉಂಟು. ಇಷ್ಟು ತಿಳಿಯದವರ ಕೈಗೆ ಮನೆ ಕೊಳ್ಳುವವರು ಜೀವಮಾನದ ಉಳಿತಾಯ ಒಪ್ಪಿಸುವುದು ಹೇಗೆ?

ಎರಡನೆಯ ಹಂತದ ಮಾತು ಬೇರೆ. ಅಲ್ಲಿ ಪರೀಕ್ಷಿಸುವುದು ಕಕ್ಷಿದಾರರ ಸಂದರ್ಶನ, ವಾದ ಮಂಡನೆ, ಕರಡು ಬರವಣಿಗೆಯಂಥ ಕೌಶಲಗಳನ್ನು. ಹತ್ತು ವರ್ಷ ಸಿವಿಲ್ ಕೋರ್ಟಿನಲ್ಲಿ ಪಾಟೀಸವಾಲು ನಡೆಸಿದವರು ಕಕ್ಷಿದಾರನ ಪಾತ್ರಧಾರಿಯೆದುರು ಕೂತು, ಮಾತಾಡಿಸಲು ಬರುತ್ತದೆಂದು ತೋರಿಸಬೇಕೆ? ಈ ಹಂತದ ಶುಲ್ಕವೇ 2,900 ಪೌಂಡ್ ಮೀರಿದೆ. ತಾಲ್ಲೂಕು ಕೋರ್ಟಿನಿಂದ ಮೇಲೆ ಬಂದ ಯುವ ವಕೀಲರಿಗೆ ಇದು ಸಣ್ಣ ಮೊತ್ತವಲ್ಲ.

ಅಲ್ಲಿನ ನಿಯಂತ್ರಣ ಪ್ರಾಧಿಕಾರವಾದ ಎಸ್‌ಆರ್‌ಎ ವಿನಾಯಿತಿಗೆ ದಾರಿಯನ್ನೇನೋ ಇಟ್ಟಿದೆ. ಅರ್ಜಿದಾರರು ತಮ್ಮ ಓದು, ಅನುಭವ ಅಲ್ಲಿನ ಮಟ್ಟಕ್ಕೆ ಸಮ ಎಂದು ದಾಖಲೆಯಿಂದ ತೋರಿಸಬೇಕು. ನಮ್ಮವರಿಗೆ ತೊಡಕಾಗುವುದು ಇಲ್ಲೇ. ಸನ್ನದು ನೋಡಿದರೆ ನೋಂದಾಯಿಸಿದ ದಿನ ತಿಳಿಯುತ್ತದೆ, ಮಾಡಿದ ಕೆಲಸ ತಿಳಿಯುವುದಿಲ್ಲ. ಎಷ್ಟು ದಾವೆ ನಡೆಸಿದರು, ಯಾವ ಬಗೆಯ ಪತ್ರಗಳ ಕರಡು ಬರೆದರು ಎಂಬುದನ್ನು ಪರಿಶೀಲಿಸಿ ದೃಢೀಕರಿಸುವ ವ್ಯವಸ್ಥೆಯನ್ನು ರಾಜ್ಯ ವಕೀಲರ ಪರಿಷತ್ತು ಮಾಡಿಕೊಡಲಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾ ಅದನ್ನು ಮುಂದಿಟ್ಟು ಎರಡನೆಯ ಹಂತದ ವಿನಾಯಿತಿಗಾಗಿ ಎಸ್‌ಆರ್‌ಎ ಜೊತೆ ಮಾತಾಡಲಿ.

– ಓದುಗರೊಬ್ಬರು, ಧಾರವಾಡ