ಶಿಯಾನ್‌ನ ಗೋಪುರ, ಬಾದಾಮಿಯ ಅರಸ

ಚೀನಾದ ಶಿಯಾನ್‌ಗೆ ಹೋದವರೆಲ್ಲ ಮೊದಲು ಓಡುವುದು ಮಣ್ಣಿನ ಸೈನಿಕರನ್ನು ನೋಡಲು. ನಾನೂ ನೋಡಿದೆ. ಆದರೆ ಮನಸ್ಸಿಗೆ ಹತ್ತಿರವಾದದ್ದು ಮಾರನೆಯ ದಿನ ನೋಡಿದ ದೊಡ್ಡ ಕಾಡುಬಾತು ಪಗೋಡ. ಅದರ ಎದುರು ಕೋಲು ಹಿಡಿದು ನಿಂತಿರುವ ಕಂಚಿನ ಸನ್ಯಾಸಿ, ನಾವು ಶಾಲೆಯಲ್ಲಿ ಓದಿದ ಹ್ಯುಯೆನ್‌ತ್ಸಾಂಗ್.

ಭಾರತ ಸುತ್ತಿ 645ರಲ್ಲಿ ಮರಳಿದಾಗ ಅವನ ಜೊತೆ 657 ಗ್ರಂಥಗಳಿದ್ದವು. ಅವು ಬೆಂಕಿಗೆ ಆಹುತಿಯಾಗಬಾರದೆಂದು 652ರಲ್ಲಿ ಈ ಗೋಪುರ ಎದ್ದಿತು. ಅವನೇ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತನೆಂದು ಶಿಷ್ಯರು ಬರೆದ ಚರಿತ್ರೆ ಹೇಳುತ್ತದೆ. ನಮ್ಮ ಐಟಿ ಭಾಷೆಯಲ್ಲಿ ಹೇಳಬೇಕೆಂದರೆ, 64 ಮೀಟರ್ ಎತ್ತರದ ಬ್ಯಾಕಪ್! ಮೊದಲಿದ್ದದ್ದು ಐದು ಅಂತಸ್ತು, ಈಗಿರುವುದು ಏಳು. ಒಳಗಿನ ಮರದ ಮೆಟ್ಟಿಲು ಹತ್ತಲು ಬೇರೆ ಟಿಕೆಟ್ ತೆಗೆಯಬೇಕು. ತುದಿಯಲ್ಲಿ ನಾಲ್ಕು ದಿಕ್ಕಿಗೂ ಕಿಟಕಿ. ಕೆಳಗೆ ನೇರ ರಸ್ತೆಗಳ ಊರು.

ದಕ್ಷಿಣದ ಕಿಟಕಿಯಲ್ಲಿ ನಿಂತಾಗ ನೆನಪಾದವನು ಇಮ್ಮಡಿ ಪುಲಿಕೇಶಿ. ಹ್ಯುಯೆನ್‌ತ್ಸಾಂಗ್ ಅವನ ನಾಡಿಗೂ ಬಂದಿದ್ದ. ತನ್ನ ಪ್ರವಾಸ ಗ್ರಂಥದಲ್ಲಿ ಅದನ್ನು ಮಹಾರಾಷ್ಟ್ರ ಎಂದೇ ಕರೆದಿದ್ದಾನೆ. ಪುಣೆ, ಮುಂಬಯಿಯ ನಮ್ಮವರು ಇದನ್ನು ಗಮನಿಸಬೇಕು. ಅಲ್ಲಿನ ಜನ ಉಪಕಾರ ಮರೆಯುವವರಲ್ಲ, ಅಪಮಾನ ಸಹಿಸುವವರಲ್ಲ. ಸೇಡು ತೀರಿಸುವ ಮುನ್ನ ವೈರಿಗೆ ತಿಳಿಸಿಯೇ ಹೋಗುತ್ತಾರೆ. ಯುದ್ಧಕ್ಕೆ ಮೊದಲು ಆನೆಗಳಿಗೂ ಮದ್ಯ ಕುಡಿಸುತ್ತಾರೆ ಎಂದೆಲ್ಲ ಬರೆದಿದ್ದಾನೆ. ಹರ್ಷನೇ ಖುದ್ದಾಗಿ ದಂಡೆತ್ತಿ ಹೋದರೂ ಈ ಜನರನ್ನು ಗೆಲ್ಲಲಾಗಲಿಲ್ಲ ಎಂದೂ ಬರೆದಿದ್ದಾನೆ.

ಆ ಕೊನೆಯ ಮಾತಿಗೆ ಬೆಲೆ ಜಾಸ್ತಿ. ಹ್ಯುಯೆನ್‌ತ್ಸಾಂಗ್ ಹರ್ಷನ ಅತಿಥಿ, ಅವನಿಂದ ಭಾರೀ ಸನ್ಮಾನ ಪಡೆದವನು. ಸ್ನೇಹಿತನ ಸೋಲನ್ನು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಈ ಗೋಪುರ ಏಳುವ ಹೊತ್ತಿಗೆ ಬಾದಾಮಿ ಪಲ್ಲವರ ಪಾಲಾಗಿ ಹತ್ತು ವರ್ಷವಾಗಿತ್ತು. ಪುಲಿಕೇಶಿಯನ್ನು ಮೆಚ್ಚಿಸಿ ಯಾರಿಗೂ ಏನೂ ಸಿಗುವಂತಿರಲಿಲ್ಲ.

ನಮ್ಮ ಹಿರಿಮೆಯನ್ನು ನಾವೇ ಹೇಳಿಕೊಳ್ಳುವುದರಲ್ಲಿ ನಾವು, ಅದರಲ್ಲೂ ಹೊರನಾಡ ಕನ್ನಡಿಗರು, ಹಿಂದೆ ಬಿದ್ದವರಲ್ಲ. ಆದರೆ ಜಗತ್ತು ನಂಬುವುದು ಹೊರಗಿನವನ ಸಾಕ್ಷಿಯನ್ನು. ಹಾಗೆಯೇ ನಾವು ಬದುಕುತ್ತಿರುವ ಪರಊರುಗಳ ಒಳ್ಳೆಯದನ್ನು ನಾವೂ ಅಷ್ಟೇ ನೇರವಾಗಿ ಬರೆದಿಡಬೇಕಲ್ಲವೇ?

ಶಿಯಾನ್‌ಗೆ ಹೊರಡುವವರು ಸಾಧ್ಯವಾದರೆ ಮೊದಲು ಐಹೊಳೆಯ ಮೇಗುಟಿ ಗುಡಿ ನೋಡಿಕೊಂಡು ಹೋಗಿ. ಅಲ್ಲಿರುವುದು ರವಿಕೀರ್ತಿ ತನ್ನ ದೊರೆಯನ್ನು ಹೊಗಳಿದ ಶಾಸನ. ಹೊಗಳಬೇಕಾದ ಋಣವಿಲ್ಲದವನ ಗೋಪುರ ಇಲ್ಲಿದೆ.