ಗಿಳಿಯ ಹಾಜರಿ ಪುಸ್ತಕ

ಉಣ್ಣುವವರ ಬಾಯನ್ನು ನೋಡಬಾರದು, ಅವರ ತುತ್ತನ್ನು ಎಣಿಸಬಾರದು ಎಂಬುದು ಹಿರಿಯರು ನಮಗೆ ಬಾಲ್ಯದಲ್ಲಿಯೇ ಕಲಿಸಿದ ಮರ್ಯಾದೆ. ಎಳೆಯ ಕೂಸನ್ನು ತಕ್ಕಡಿಯಲ್ಲಿಟ್ಟು ತೂಗಿದರೆ ದೃಷ್ಟಿಯಾಗುವುದೆಂದು ಅಂಜುವ ಅಜ್ಜಿಯರು ನಮ್ಮ ಕ್ಯಾಲನೂರಿನಲ್ಲಿ ಈಗಲೂ ಇದ್ದಾರೆ. ಅವರಲ್ಲೊಬ್ಬರು ನಮ್ಮ ಮನೆಯಲ್ಲಿಯೇ ಇರುವರೆಂಬುದನ್ನು ವಾಚಕರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಇಂತಹ ಮನೆಯಲ್ಲಿ ಕಳೆದ ಕಾರ್ತಿಕ ಮಾಸದಿಂದ ಒಂದು ಜೀವದ ತುತ್ತನ್ನು ಎಣಿಸುವುದೂ ಪ್ರಾತಃಕಾಲದಲ್ಲಿ ಅದನ್ನು ತೂಗಿ ಬರೆದಿಡುವುದೂ ನಿತ್ಯಕರ್ಮವಾಗಿಬಿಟ್ಟಿದೆ. ಅದು ಹೇಗಾಯಿತೆಂಬುದೇ ಈ ತಿಂಗಳ ಮಾತು.

ನಮ್ಮ ಮಗನು ದೀಪಾವಳಿಯ ಮುನ್ನಾದಿನ ಬೆಂಗಳೂರಿಗೆ ಹೋಗಿದ್ದವನು, ಏಳನೆಯ ತರಗತಿಯಲ್ಲಿರುವ ತನ್ನ ಮಗಳ ಹಠಕ್ಕೆ ಕಟ್ಟುಬಿದ್ದು, ಎರಡು ತಿಂಗಳ ಪ್ರಾಯದ ಒಂದು ಮರಿಯನ್ನು ಪಂಜರಸಹಿತವಾಗಿ ತಂದನು. ನಿಂಬೆಹಣ್ಣಿನ ಬಣ್ಣದ ಮೈ, ಕೆನ್ನೆಗಳಲ್ಲಿ ಕುಂಕುಮವಿಟ್ಟಂತಹ ಎರಡು ಬೊಟ್ಟು, ತಲೆಯ ಮೇಲೆ ಏಳುತ್ತ ಬೀಳುತ್ತ ಇರುವ ಒಂದು ಜುಟ್ಟು. ಕಾಕಟೀಲ್ ಎಂದು ಇದರ ಹೆಸರು. ಆಸ್ಟ್ರೇಲಿಯಾ ಖಂಡವು ಇದರ ಮೂಲಸ್ಥಾನ. ಗಿಳಿಗಳ ಗಣಕ್ಕೇ ಸೇರಿದ ಪಕ್ಷಿ. ನಾವು ಇದಕ್ಕೆ ಕನಕ ಎಂದು ನಾಮಕರಣ ಮಾಡಿದೆವು. ನೆರೆಮನೆಯ ಯಜಮಾನರು ಬಂದು ನೋಡಿ, "ಹಸುರಿಲ್ಲದ ಗಿಳಿ ಯಾತರ ಗಿಳಿ ಮೇಷ್ಟ್ರೇ? ನಮ್ಮ ತೆಂಗಿನ ಮರದ ಪೊಟರೆಯಲ್ಲಿ ದುಡ್ಡಿಲ್ಲದೆ ಸಿಗುತ್ತಿರಲಿಲ್ಲವೆ?" ಎಂದರು. ಅವರಿಗೆ ಹೇಳಿದ್ದನ್ನು ಇಲ್ಲಿಯೂ ಹೇಳಿಬಿಡುವೆವು. ನಮ್ಮ ದೇಶದ ಹಸುರು ಗಿಳಿಯನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. 2022ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಅದು ಎರಡನೆಯ ಪಟ್ಟಿಯಲ್ಲಿದೆ. ಗೂಡಿನಿಂದ ಬಿದ್ದ ಮರಿ ಸಿಕ್ಕಿದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸತಕ್ಕದ್ದೇ ಹೊರತು ಪಂಜರಕ್ಕೆ ಹಾಕತಕ್ಕದ್ದಲ್ಲ. ನಮ್ಮ ತಾತಂದಿರ ಜಗಲಿಗಳಲ್ಲಿ ಗಿಳಿಯ ಪಂಜರವು ತೂಗುತ್ತಿದ್ದುದು ನಿಜ. ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು.

ಮಾರಿದವನು "ಮರಿಯು ತಾನಾಗಿಯೇ ಕಾಳು ತಿನ್ನುತ್ತದೆ" ಎಂದು ಹೇಳಿ ಕಳುಹಿಸಿದ್ದನು. ನಾವೂ ಒಂದು ಬಟ್ಟಲಿನಲ್ಲಿ ನವಣೆಯನ್ನೂ ಇನ್ನೊಂದರಲ್ಲಿ ನೀರನ್ನೂ ಇಟ್ಟೆವು. ಕನಕನು ದಿನವೆಲ್ಲ ಬಟ್ಟಲಿನ ಅಂಚಿನಲ್ಲಿ ಕುಳಿತು ಕೊಕ್ಕಿನಿಂದ ಕೆದಕುವನು, ಕಾಳನ್ನು ಎತ್ತುವನು, ಕಡಿಯುವನು, ತಲೆಯೊದರುವನು. ಪಂಜರದ ಕೆಳಗೆ ನೆಲದ ತುಂಬ ನವಣೆ. ನಮ್ಮ ಗೃಹಿಣಿಯು ದಿನಕ್ಕೆರಡು ಬಾರಿ ಅದನ್ನು ಗುಡಿಸುತ್ತ, "ತಿಂದು ತೇಗಿ ಚೆಲ್ಲಾಡುತ್ತಿದೆ, ಬಡವರ ಮನೆಗೆ ತಕ್ಕ ಹಕ್ಕಿಯಲ್ಲ" ಎಂದು ಸಂತೋಷದಿಂದ ಬಯ್ಯುವಳು. ಮರಿಯು ಉಂಡಿತೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಈ ಮಧ್ಯೆ ಮೊಮ್ಮಗಳು ತನ್ನದೊಂದು ಆಟವನ್ನು ನಡೆಸಿದ್ದಳು. ನಮ್ಮ ಸೊಸೆಯು ಕೇಕು ಮಾಡುವುದಕ್ಕೆಂದು ತರಿಸಿದ್ದ ಎಲೆಕ್ಟ್ರಾನಿಕ್ ತಕ್ಕಡಿಯೊಂದು ಅಡಿಗೆಮನೆಯಲ್ಲಿತ್ತು. ಒಂದು ಗ್ರಾಂ ಭೇದವನ್ನೂ ಅದು ತೋರಿಸುವುದು. ಕನ್ನಡಕ, ನಿಂಬೆಹಣ್ಣು, ನಮ್ಮ ನಶ್ಯದ ಡಬ್ಬಿ ಎಲ್ಲವೂ ಅದರ ಮೇಲೆ ಹತ್ತಿ ಇಳಿದಿದ್ದವು. ಅದರಂತೆಯೇ ಕನಕನೂ ದಿನವೂ ಹತ್ತಿದನು. ನಾವು ನಿವೃತ್ತರಾದಾಗ ಮನೆಗೆ ತಂದಿದ್ದ, ಏನೂ ಬರೆಯದ ಹಾಜರಿ ಪುಸ್ತಕವೊಂದರಲ್ಲಿ ಆ ಹುಡುಗಿಯು ಅವನ ಹೆಸರನ್ನು ಬರೆದು, ಹೆಸರಿನ ಮುಂದಿನ ಮೂವತ್ತೊಂದು ಮನೆಗಳಲ್ಲಿ ಆಯಾ ದಿನದ ತೂಕವನ್ನು ಸೀಸದಕಡ್ಡಿಯಲ್ಲಿ ತುಂಬಿಸುತ್ತಿದ್ದಳು. 84, 82, 80, 78, 76. ಬರೆದವಳಿಗೆ ಅದರ ಅರ್ಥ ತಿಳಿಯದು. ಅರ್ಥ ತಿಳಿಯಬೇಕಾಗಿದ್ದ ನಾವು ಅತ್ತ ಕಣ್ಣು ಹಾಯಿಸಲಿಲ್ಲ.

ಐದನೆಯ ದಿನ ಸಂಜೆ ಮರಿಯು ಗರಿಗಳನ್ನು ಉಬ್ಬಿಸಿಕೊಂಡು ಮೂಲೆಯಲ್ಲಿ ಕುಳಿತು ಒಂದೇ ಸಮನೆ ಚೀರತೊಡಗಿತು. ಗುಂಡಗೆ ಕಾಣುತ್ತಿದ್ದುದರಿಂದ ಮೈ ತುಂಬಿಕೊಂಡಿದೆ ಎಂದು ನಮ್ಮವಳ ಅಭಿಪ್ರಾಯ. ಸೊಸೆಯು ಅದನ್ನು ಕೈಗೆ ತೆಗೆದುಕೊಂಡು ಎದೆಯನ್ನು ತಡವಿದವಳು, "ಮಾವಾ, ಮೂಳೆ ಕತ್ತಿಯ ಅಲಗಿನ ಹಾಗೆ ಸಿಗುತ್ತಿದೆ" ಎಂದಳು. ಆಮೇಲೆ ಹಾಜರಿ ಪುಸ್ತಕವು ಹೊರಕ್ಕೆ ಬಂತು. ಐದು ದಿನಗಳಲ್ಲಿ ಎಂಟು ಗ್ರಾಂ! ಹದಿನೈದು ಕಿಲೋ ಟೊಮೇಟೊ ಪೆಟ್ಟಿಗೆಗಳನ್ನು ಎತ್ತಿ ಇಳಿಸುವ ನಮ್ಮ ಸೀಮೆಯಲ್ಲಿ ಎಂಟು ಗ್ರಾಂ ಎಂದರೆ ನಗುವರು. ಆದರೆ ಎಂಬತ್ತನಾಲ್ಕರಲ್ಲಿ ಎಂಟು ಹೋದರೆ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಹೋದಂತೆ. ಅರವತ್ತು ಕಿಲೋ ತೂಗುವ ಮನುಷ್ಯನು ಐದು ದಿನಗಳಲ್ಲಿ ಆರು ಕಿಲೋ ಇಳಿದರೆ ಮನೆಯವರು ಸುಮ್ಮನಿರುವರೆ?

ಮರುದಿನ ಬೆಳಗಿನ ಬಸ್ಸಿಗೆ ಬೆಂಗಳೂರಿನ ಪಕ್ಷಿವೈದ್ಯರೊಬ್ಬರಲ್ಲಿಗೆ ಹೋದೆವು. ಅವರು ಮೊದಲು ಕೇಳಿದ್ದು ರೋಗಲಕ್ಷಣವನ್ನಲ್ಲ, ತೂಕವನ್ನು. ಮೊಮ್ಮಗಳು ಹಾಜರಿ ಪುಸ್ತಕವನ್ನು ಮುಂದಿಟ್ಟಾಗ ಅವರ ಮುಖದಲ್ಲಿ ಕಂಡ ಗೌರವವನ್ನು ನಾವು ನಮ್ಮ ಸೇವಾವಧಿಯಲ್ಲಿ ಯಾವ ಇನ್ಸ್‌ಪೆಕ್ಟರರ ಮುಖದಲ್ಲಿಯೂ ಕಂಡವರಲ್ಲ. ಪರೀಕ್ಷೆ ಮಾಡಿ ಅವರು ಹೇಳಿದ ಸಾರಾಂಶವಿದು: ರೋಗವೇನೂ ಇಲ್ಲ, ಹಸಿವು. ಮರಿಯು ಕಾಳನ್ನು ಕಡಿಯುವುದನ್ನು ಕಲಿತಿದೆ, ಸಿಪ್ಪೆ ಬಿಡಿಸಿ ನುಂಗುವುದನ್ನು ಕಲಿತಿಲ್ಲ. ನಾವು ಊಟವೆಂದು ಕಂಡದ್ದು ಬರಿಯ ಅಭ್ಯಾಸ. ತುತ್ತು ಕೊಡುವುದನ್ನು ಅಕಾಲದಲ್ಲಿ ನಿಲ್ಲಿಸಿದ್ದರಿಂದ ಅದು ತುಂಬಿದ ಬಟ್ಟಲಿನ ಮುಂದೆ ಉಪವಾಸವಿದೆ. ಹಕ್ಕಿಗಳ ಸ್ವಭಾವವೇ ಹೀಗಂತೆ. ಕಾಡಿನಲ್ಲಿ ನಿತ್ರಾಣವಾದದ್ದನ್ನೇ ಬೇಟೆಯ ಪ್ರಾಣಿಯು ಮೊದಲು ಗುರಿಯಿಡುವುದರಿಂದ, ಅವು ತಮ್ಮ ಸಂಕಟವನ್ನು ಕೊನೆಯವರೆಗೂ ಹೊರಗೆಡಹುವುದಿಲ್ಲ. ನಮ್ಮ ಕಣ್ಣಿಗೆ ಕಾಯಿಲೆಯೆಂದು ಕಾಣುವ ವೇಳೆಗೆ ಬಹಳ ದಿನಗಳು ಕಳೆದಿರುತ್ತವೆ. ತಕ್ಕಡಿಗೆ ಮಾತ್ರ ಮುಂಚೆಯೇ ತಿಳಿಯುವುದು.

ಹಾಗೆಂದು ತೂಕವಿಳಿದಾಗಲೆಲ್ಲ ಗಾಬರಿಪಡಬೇಕಾದುದಿಲ್ಲವೆಂದೂ ಅವರು ಹೇಳಿದರು. ಹಾರಲು ಕಲಿಯುವ, ತಾನಾಗಿ ತಿನ್ನಲು ಕಲಿಯುವ ದಿನಗಳಲ್ಲಿ ಮರಿಗಳ ತೂಕವು ಸ್ವಲ್ಪ ಇಳಿಯುವುದು ಸಹಜ. ಒಂದು ದಿನದ ಅಂಕಿಯಲ್ಲ, ಅಂಕಿಗಳ ಸಾಲು ಎತ್ತ ಹೋಗುತ್ತಿದೆಯೆಂಬುದು ಮುಖ್ಯ. ನಮಗೆ ಒಡನೆಯೇ ನಮ್ಮೂರ ಸುತ್ತಲಿನ ರೇಷ್ಮೆಯ ಮನೆಗಳು ನೆನಪಾದುವು. ರೇಷ್ಮೆ ಸಾಕುವ ಗೃಹಿಣಿಯು ಬೆಳಿಗ್ಗೆ ತಟ್ಟೆಯಲ್ಲಿ ಉಳಿದ ಹಿಪ್ಪುನೇರಳೆಯ ಎಲೆಯನ್ನು ನೋಡಿಯೇ ಹುಳುವಿನ ಯೋಗಕ್ಷೇಮವನ್ನು ತಿಳಿಯುವಳಷ್ಟೆ? ಹುಳುವು ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ಆಗ ಅದು ಎಲೆಯನ್ನು ಮುಟ್ಟದು, ಮುಟ್ಟದಿದ್ದರೆ ಆಕೆಗೆ ಆತಂಕವೂ ಇಲ್ಲ. ಜ್ವರವಲ್ಲದ ದಿನ ಎಲೆ ಉಳಿದರೆ ಮಾತ್ರ ಆಕೆಯ ಎದೆ ಧಸಕ್ಕೆನ್ನುವುದು; ಹಾಲುತೊಂಡೆಯೋ ಸಪ್ಪೆರೋಗವೋ ಎಂದು ಒಂದೊಂದೇ ಹುಳುವನ್ನು ತಿರುವಿ ನೋಡುವಳು. ಇದೇ ವಿದ್ಯೆ ನಮ್ಮ ಕೇರಿಯಲ್ಲಿಯೇ ಇರಲಾಗಿ ನಾವು ಬೆಂಗಳೂರಿಗೆ ಹೋಗಿ ಕಲಿಯಬೇಕಾಯಿತು.

ಹಿಂದಿರುಗುವಾಗ ಮರಿಹಕ್ಕಿಗಳಿಗೆಂದೇ ಸಿದ್ಧಪಡಿಸಿದ ಹಿಟ್ಟು, ಸೂಜಿಯಿಲ್ಲದ ಸಿರಿಂಜು, ಒಂದು ಉಷ್ಣಮಾಪಕ ಇಷ್ಟು ಜೊತೆಯಲ್ಲಿ ಬಂದುವು. ಬಿಸಿನೀರಿನಲ್ಲಿ ಕಲಸಿದ ಗಂಜಿಯು ಮೂವತ್ತೊಂಬತ್ತು, ನಲವತ್ತು ಡಿಗ್ರಿಯಲ್ಲಿರಬೇಕು. ಹೆಚ್ಚು ಬಿಸಿಯಾದರೆ ಕೊರಳ ಕೆಳಗಿನ ಆಹಾರದ ಚೀಲವು ಬೇಯುವುದು, ಆರಿದ್ದರೆ ಅದು ಅಲ್ಲಿಯೇ ನಿಂತು ಹುಳಿಯುವುದು. ಸಿರಿಂಜನ್ನು ಹಿಡಿಯುವ ರೀತಿಯನ್ನು ವೈದ್ಯರು ಸೊಸೆಯ ಕೈಹಿಡಿದು ತೋರಿಸಿಕೊಟ್ಟರು. ಅದನ್ನು ಕಣ್ಣಾರೆ ಕಲಿಯದೆ ಯಾರೂ ಮಾಡಕೂಡದು, ಗಂಜಿಯು ಶ್ವಾಸನಾಳಕ್ಕೆ ಹೋದರೆ ಮರಿಯು ಉಳಿಯದು. ನಮ್ಮ ಗೃಹಿಣಿಯು ಹಾಲಿನಲ್ಲಿ ಅರಳನ್ನು ನೆನಸಿ ಕೊಡಬೇಕೆಂದಿದ್ದಳು. ಗಿಳಿಗೆ ಹಾಲು ಹಣ್ಣು ಎಂದು ನಾವೆಲ್ಲ ಕೇಳಿ ಬೆಳೆದವರಲ್ಲವೆ? ಆದರೆ ಹಾಲಿನೊಳಗಿನ ಸಕ್ಕರೆಯನ್ನು ಅರಗಿಸುವ ಶಕ್ತಿಯು ಪಕ್ಷಿಯ ಜಠರಕ್ಕಿಲ್ಲ. ಇದಕ್ಕೆ ಪ್ರತಿಯಾಗಿ, ಗಿಳಿಗೆ ಮೆಣಸಿನಕಾಯಿ ಕೊಡುವ ನಮ್ಮ ಹಳ್ಳಿಯ ವಾಡಿಕೆಯು ಕ್ರೌರ್ಯವಲ್ಲವೆಂದು ತಿಳಿದು ಸಮಾಧಾನವಾಯಿತು. ನಮ್ಮ ನಾಲಗೆಯನ್ನು ಸುಡುವ ಆ ಖಾರವು ಹಕ್ಕಿಗಳಿಗೆ ಖಾರವೆಂದೇ ತಿಳಿಯದಂತೆ.

ತೂಗುವ ಕ್ರಮವು ಸುಲಭ. ತಕ್ಕಡಿಯ ಮೇಲೆ ಒಂದು ಪುಟ್ಟ ಕಟ್ಟಿಗೆಯ ಅಡ್ಡೆಯನ್ನಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ಮರಿಯನ್ನು ಅಡ್ಡೆಯ ಮೇಲೆ ಕೂರಿಸುವುದು. ಬೆಳಿಗ್ಗೆ ಎದ್ದು ಮೊದಲ ಹಿಕ್ಕೆ ಹಾಕಿದ ಮೇಲೆ, ಏನನ್ನೂ ತಿನ್ನುವ ಮುನ್ನ, ದಿನವೂ ಅದೇ ವೇಳೆಗೆ. ಹೊತ್ತು ಬದಲಾದರೆ ಅಂಕಿಗೆ ಅರ್ಥವಿಲ್ಲ. ಹಿಕ್ಕೆಯನ್ನೂ ಎಣಿಸಬೇಕು, ತಿಂದದ್ದು ಕಡಿಮೆಯಾದರೆ ಅದೂ ಕಡಿಮೆಯಾಗುವುದು.

"ಏನೂಂದ್ರೆ, ಉಣ್ಣುವ ಜೀವವನ್ನು ದಿನಾ ತೂಗುವುದು ಯಾವ ಶಾಸ್ತ್ರದಲ್ಲಿದೆ?" ಎಂದು ನಮ್ಮವಳು ಮೊದಲ ವಾರ ಆಕ್ಷೇಪಿಸಿದಳು. ನಾವು ಬಾಣಭಟ್ಟನ ಕಾದಂಬರಿಯನ್ನು ಮುಂದಿಟ್ಟೆವು. ಶೂದ್ರಕ ಮಹಾರಾಜನು ವೈಶಂಪಾಯನನೆಂಬ ಗಿಳಿಯನ್ನು ಅಂತಃಪುರದಿಂದ ಕರೆಯಿಸಿ, ಅದರ ಹುಟ್ಟು, ಊರು, ವಿದ್ಯೆಗಳನ್ನು ವಿಚಾರಿಸುವುದಕ್ಕೆ ಮೊದಲು, ಹಿತವಾದದ್ದೇನಾದರೂ ತಿಂದೆಯಾ ಎಂದು ಕೇಳುತ್ತಾನೆ. ಗಿಳಿಯು ನೇರಳೆಯ ರಸವೆಂದೂ ದಾಳಿಂಬೆಯ ಬೀಜವೆಂದೂ ನೆಲ್ಲಿಯೆಂದೂ ಒಂದೊಂದನ್ನೇ ಹೇಳುತ್ತದೆ. ಚಕ್ರವರ್ತಿಯೇ ಗಿಳಿಯ ಊಟವನ್ನು ವಿಚಾರಿಸಿರುವಾಗ ನಮ್ಮದೇನು ತಪ್ಪು, ಎಂದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಆ ಗಿಳಿ ಕೇಳಿದರೆ ಹೇಳಿತು. ಇದು ಹೇಳುತ್ತದೆಯೆ?" ಎಂದಳು. ಮೂವತ್ತು ವರ್ಷಗಳಿಂದ ಆ ಗ್ರಂಥವನ್ನು ಓದುತ್ತಿರುವ ನಮಗೆ ಹೊಳೆಯದಿದ್ದ ಮಾತು. ಅಂದಿನಿಂದ ತಕ್ಕಡಿಯನ್ನು ಒರೆಸಿ ಇಡುವವಳು ಅವಳೇ.

ಕೇಳಿದರೂ ಹೇಳದ ಜೀವಗಳೂ ಉಂಟು. ಶಾಲೆಗಳಲ್ಲಿ ಬಿಸಿಯೂಟವು 2002-03ರಲ್ಲಿ ಆರಂಭವಾಗುವುದಕ್ಕೆ ಮುಂಚಿನ ಸಂಗತಿ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಮಧ್ಯಾಹ್ನದ ವಿರಾಮದಲ್ಲಿ ಹೊಂಗೆಮರದ ಕೆಳಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವನು. "ಊಟವಾಯಿತೇನೋ?" ಎಂದರೆ "ಆಯಿತು ಸಾರ್" ಎಂದು ನಗುವನು. ಡಬ್ಬಿಯಿತ್ತು, ನಗುವೂ ಇತ್ತು. ನಾವು ಮುಂದಕ್ಕೆ ಹೋಗುತ್ತಿದ್ದೆವು. ಆ ವರ್ಷ ಶಾಲೆಯ ತೂಕದ ಯಂತ್ರವು ಕೆಟ್ಟಿತ್ತು. ಆರೋಗ್ಯದ ಪಟ್ಟಿಯನ್ನು ಕಳುಹಿಸುವ ಗಡುವು ಸಮೀಪಿಸಿದ್ದರಿಂದ, ಹಿಂದಿನ ವರ್ಷದ ಅಂಕಿಗೆ ಎರಡೆರಡು ಕಿಲೋ ಸೇರಿಸಿ ನಲವತ್ತು ಮಕ್ಕಳ ತೂಕವನ್ನೂ ನಾವು ಕುರ್ಚಿಯಲ್ಲಿ ಕುಳಿತೇ ಬರೆದೆವು. ಬರವಣಿಗೆಯು ಮುತ್ತು ಪೋಣಿಸಿದಂತಿತ್ತು. ಕೆಲವು ವಾರಗಳ ಮೇಲೆ ಪ್ರಾರ್ಥನೆಯ ಸಾಲಿನಲ್ಲಿ ಆ ಹುಡುಗನು ಕುಸಿದನು. ಎತ್ತಿಕೊಂಡು ಒಳಕ್ಕೆ ತಂದವರು ನಾವೇ. ಆಗ ನಮ್ಮ ತೋಳುಗಳಿಗೆ ತಿಳಿದ ತೂಕಕ್ಕೂ ನಮ್ಮ ಕೈಯಿಂದ ಬರೆದ ತೂಕಕ್ಕೂ ಇದ್ದ ಅಂತರವನ್ನು ಇದುವರೆಗೆ ಯಾರಲ್ಲಿಯೂ ಹೇಳಿರಲಿಲ್ಲ. ಆ ಹುಡುಗನು ಚೇತರಿಸಿಕೊಂಡನು, ಈಗ ಅವನಿಗೆ ಇಬ್ಬರು ಮಕ್ಕಳು; ಸಂತೆಯಲ್ಲಿ ಕಂಡರೆ ನಮಸ್ಕಾರ ಮಾಡುತ್ತಾನೆ.

ಪ್ರಕೃತಕ್ಕೆ ಬರೋಣ. ದಿನಕ್ಕೆ ಮೂರು ಬಾರಿಯ ಗಂಜಿಯು ಎರಡಾಗಿ, ಎರಡು ಒಂದಾಗಿ, ಐದು ವಾರಗಳಲ್ಲಿ ಕನಕನು ಅದನ್ನು ತಾನಾಗಿಯೇ ಒಲ್ಲೆನೆಂದನು. ತೂಕವು 88ಕ್ಕೆ ಏರಿತ್ತು. ಮೊಳಕೆ ಬರಿಸಿದ ರಾಗಿ, ಸಾಮೆ, ನುಗ್ಗೆಯ ಸೊಪ್ಪು, ತುರಿದ ಕ್ಯಾರೆಟ್ಟು ಈಗ ಅವನ ಆಹಾರ. ಕಾಳನ್ನು ಮಾತ್ರ ಕೊಟ್ಟರೆ ಎ ಜೀವಸತ್ವವೂ ಸುಣ್ಣದಂಶವೂ ಸಾಲವು. ಸೂರ್ಯಕಾಂತಿಯ ಬೀಜವನ್ನು ಅವನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವನಾದರೂ, ಅದು ಬರಿಯ ಕೊಬ್ಬಾದ ಕಾರಣ ದಿನಕ್ಕೆರಡೇ. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ, ಈರುಳ್ಳಿ, ಉಪ್ಪು ಹಾಕಿದ ಕುರುಕುಲು ಇವು ಹಕ್ಕಿಗೆ ವಿಷ; ನೆಂಟರ ಮಕ್ಕಳು ಬಂದಾಗ ಪಂಜರದ ಹತ್ತಿರ ಒಬ್ಬರು ಕಾವಲಿರಬೇಕಾಗುತ್ತದೆ.

ಸಂಕ್ರಾಂತಿಯ ಗಡಿಬಿಡಿಯಲ್ಲಿ ಮತ್ತೊಮ್ಮೆ ಮೋಸ ಹೋಗುವುದರಲ್ಲಿದ್ದೆವು. ಎರಡು ದಿನಗಳಲ್ಲಿ 91 ಇದ್ದದ್ದು 87ಕ್ಕೆ ಇಳಿಯಿತು. ಬಟ್ಟಲನ್ನು ನೋಡಿದರೆ ಕಂಠದವರೆಗೆ ನವಣೆ. ಮೊಮ್ಮಗಳು ಬಟ್ಟಲನ್ನೆತ್ತಿ ಒಮ್ಮೆ ಉಫ್ ಎಂದು ಊದಿದಳು, ತುಂಬಿದ್ದುದೆಲ್ಲ ಹಾರಿಹೋಯಿತು. ಕಾಳನ್ನು ತಿಂದು ಅವನು ಉಳಿಸಿದ್ದ ಸಿಪ್ಪೆ ಅದು. ತಳದಲ್ಲಿ ಹತ್ತಿಪ್ಪತ್ತು ಕಾಳು ಮಾತ್ರ ಉಳಿದಿತ್ತು. ಅಂದಿನಿಂದ ಬಟ್ಟಲನ್ನು ದಿನಕ್ಕೆರಡು ಬಾರಿ ಊದಿಯೇ ತುಂಬುವುದು.

ಇಂದು ಬೆಳಿಗ್ಗೆ ನಾವು ಸಂಧ್ಯಾವಂದನೆಯನ್ನು ಮುಗಿಸಿ ಬರುವ ವೇಳೆಗೆ ಕಾಫಿಯ ಲೋಟವಿನ್ನೂ ಜಗಲಿಗೆ ಬಂದಿರಲಿಲ್ಲ. ಅಡಿಗೆಮನೆಯಲ್ಲಿ ನಮ್ಮ ಗೃಹಿಣಿಯು ಕನ್ನಡಕವನ್ನು ಮೂಗಿಗೇರಿಸಿ ತಕ್ಕಡಿಯ ಮುಂದೆ ಬಾಗಿ ನಿಂತಿದ್ದಳು. "ತೊಂಬತ್ತಮೂರು, ಬರೆದುಕೋ" ಎಂದು ಮೊಮ್ಮಗಳಿಗೆ ಹೇಳಿ, ಕನಕನ ಸುತ್ತ ಒಂದು ಹಿಡಿ ಉಪ್ಪನ್ನು ಮೂರು ಬಾರಿ ನಿವಾಳಿಸಿ ಒಲೆಯ ಕಡೆಗೆ ಹೋದಳು.