ಲಕ್ಕುಂಡಿಗೆ ಬಂದ ಮಂದಿ ಗದಗ ಪ್ಯಾಟಿಗೆ ಯಾಕ ಇಳಿಯಂಗಿಲ್ಲ?

ಗದಗ: 2026ರ ಜನವರಿಯಲ್ಲಿ ಲಕ್ಕುಂಡಿಯಲ್ಲಿ ಮನೆ ಪಾಯ ತೋಡುವಾಗ ಬಂಗಾರ ಸಿಕ್ಕಿತು. ಅವತ್ತಿನಿಂದ ನಮ್ಮ ಜಿಲ್ಲೆಯ ಹೆಸರು ಟಿವಿ, ಮೊಬೈಲ್ ಎಲ್ಲ ಕಡೆ ಓಡಾಡಿತು. ಆದರೆ ಅಲ್ಲಿಂದ ಸುಮಾರು 12 ಕಿ.ಮೀ. ದೂರದ ಗದಗಿನ ಹಳೇ ಊರಿಗೆ ಅದರಿಂದ ಏನು ಬಂತು? ಪ್ರವಾಸಿಗರು ಗುಡಿ ನೋಡ್ತಾರೆ, ಫೋಟೋ ಹೊಡ್ಕೋತಾರೆ, ಗಾಡಿ ಹತ್ತಿ ಹಂಪಿಗೋ ಬಾದಾಮಿಗೋ ಹೋಗ್ತಾರೆ. ಪ್ಯಾಟಿಯೊಳಗೆ ಒಂದು ಚಹಾ ಕುಡಿಯೋ ಹೊತ್ತೂ ನಿಲ್ಲೋದಿಲ್ಲ.

ನೋಡೋಕೆ ಏನೂ ಇಲ್ಲ ಅಂತಲ್ಲ

ಕಲ್ಯಾಣ ಚಾಲುಕ್ಯರ ಕಾಲದ ತ್ರಿಕೂಟೇಶ್ವರ ಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ ಇವೆ. ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳ ಕೆತ್ತನೆ ನೋಡಿದವರು ಮರೆಯೋದಿಲ್ಲ. ಅಲ್ಲಿಂದ ನಡಕೊಂಡೇ ಹೋದರೆ ವೀರನಾರಾಯಣ ಗುಡಿ. ಕೋಳಿವಾಡದ ಕುಮಾರವ್ಯಾಸ ಇಲ್ಲೇ ಕಂಬಕ್ಕೆ ಒರಗಿ ಗದುಗಿನ ಭಾರತ ಬರೆದ ಅಂತ ನಮ್ಮ ಹಿರಿಯರು ಹೇಳ್ತಾ ಬಂದಿದ್ದಾರೆ. ಈ ಎರಡು ಗುಡಿ ಮತ್ತು ಜುಮ್ಮಾ ಮಸೀದಿ ಮೂರನ್ನೂ ನೋಡಿಕೊಳ್ಳೋದು ಒಂದೇ ಟ್ರಸ್ಟ್. ಇಂಥಾ ಊರು ರಾಜ್ಯದಲ್ಲಿ ಎಷ್ಟಿವೆ? ಇನ್ನು ಬೆಟಗೇರಿಗೆ ಹೋದರೆ ವೀರಗಲ್ಲು ಇವೆ, ಕೈಮಗ್ಗದ ಸೀರೆ ಇವೆ.

ಇವೆಲ್ಲ ಒಂದೊಂದು ಕಡೆ ಬಿಡಿಬಿಡಿಯಾಗಿ ಉಳಿದಿರೋದೇ ತೊಂದರೆ. ತ್ರಿಕೂಟೇಶ್ವರದಿಂದ ಹೊರಬಿದ್ದವನಿಗೆ ಮುಂದೆ ಎಲ್ಲಿಗೆ ಹೋಗಬೇಕು ಅಂತ ಹೇಳೋರು ಬೇಕು. ನಡುವೆ ಇರೋದು ನಮ್ಮ ಓಣಿ, ನಮ್ಮ ಅಂಗಡಿ. ಆತ ಆ ದಾರಿಯಲ್ಲಿ ನಡೆದರೆ ಗಿರ್ಮಿಟ್ ಮಿರ್ಚಿ ತಿಂತಾನೆ, ಸೀರೆ ಕೇಳ್ತಾನೆ. ಕಾರಿನಲ್ಲೇ ಕೂತು ಹೋದರೆ ನಮಗೆ ಸಿಗೋದು ಧೂಳು ಮಾತ್ರ.

100 ಮೀಟರ್ ಭಯ

ಇನ್ನೊಂದು ಮಾತು ಅಂಗಡಿಕಾರರು ಗಟ್ಟಿಯಾಗಿ ಆಡೋದಿಲ್ಲ. ಹೆಚ್ಚು ಮಂದಿ ಬಂದರೆ ರೂಲ್ಸೂ ಹೆಚ್ಚಾಗಿ, ನಮ್ಮ ಮನೆ ಅಂಗಡಿಗೇ ಕುತ್ತು ಬರುತ್ತೆ ಅನ್ನೋ ಭಯ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2010ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯ್ದೆ ಪ್ರಕಾರ, ತ್ರಿಕೂಟೇಶ್ವರದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಕಟ್ಟೋಕೆ ಪರವಾನಗಿ ಬೇಕು.

ಆದರೆ 100 ಮೀಟರ್ ಒಳಗೂ ಇದ್ದ ಮನೆ, ಅಂಗಡಿಯ ರಿಪೇರಿಗೆ ಅರ್ಜಿ ಹಾಕಿ ಪರವಾನಗಿ ಪಡೆಯೋಕೆ ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಇದು ಗೊತ್ತಿಲ್ಲದೆ ಕೆಲವರು ಸೋರೋ ಮಾಳಗಿ ಹಂಗೇ ಬಿಟ್ಟು ಕೂತಿರ್ತಾರೆ, ಕೆಲವರು ರಾತ್ರೋರಾತ್ರಿ ಕಟ್ಟಿ ನೋಟಿಸ್ ತಗೋತಾರೆ. ಎರಡರಲ್ಲೂ ನಷ್ಟ ಮನೆಯವರಿಗೇ. ಯಾವ ಮನೆ ಯಾವ ಗೆರೆಯೊಳಗೆ ಬರುತ್ತೆ ಅನ್ನೋ ನಕ್ಷೆಯನ್ನ ಕನ್ನಡದಲ್ಲಿ ವಾರ್ಡಿಗೊಂದು ಅಂಟಿಸಿದರೆ ಅರ್ಧ ಗೊಂದಲ ಮುಗೀತದೆ.

ಏನು ಕೇಳಬೇಕು?

ದೊಡ್ಡ ಕಮಾನು, ಬಣ್ಣದ ಲೈಟು ಆಮೇಲೆ ಇರಲಿ. ಮೊದಲು ಬೇಕಾಗಿದ್ದು ನಾಲ್ಕೇ: ಹಳೇ ಊರಿನ ಹೊರಗೆ ಗಾಡಿ ನಿಲ್ಲಿಸೋಕೆ ಜಾಗ, ಹೆಣ್ಣುಮಕ್ಕಳೂ ಹೋಗುವಂಥ ಶುಚಿ ಶೌಚಾಲಯ, ಎರಡೂ ಗುಡಿ ಮತ್ತು ಬೆಟಗೇರಿಯನ್ನ ಜೋಡಿಸೋ ದಾರಿ ಫಲಕ, ಲಕ್ಕುಂಡಿಯಲ್ಲೇ "ಮುಂದೆ ಗದಗ ನೋಡಿ" ಅನ್ನೋ ಒಂದು ಬೋರ್ಡು.

ಇದು ಗದಗಿನ ಮಾತಷ್ಟೇ ಅಲ್ಲ. ಲಕ್ಷ್ಮೇಶ್ವರಕ್ಕೆ ಸೋಮೇಶ್ವರನ ದರ್ಶನಕ್ಕೆ ಬಂದವರು ಬಜಾರು ನೋಡದೆ ಬಸ್ ಹತ್ತಿದರೆ ಅಲ್ಲೂ ಕತೆ ಇದೇ. ಪಂಪ ಹೊಗಳಿದ ಪುಲಿಗೆರೆಯ ಕನ್ನಡ ಅದೇ ಊರಿಂದು. ಅದನ್ನ ಕೇಳಬೇಕಾದರೂ ಜನ ಪ್ಯಾಟಿಯೊಳಗೆ ಬರಬೇಕಲ್ಲ.

ಯೋಜನೆ ಮೇಲಿಂದ ಬರಲಿ ಅಂತ ಕಾಯ್ದರೆ ಅದು ನಮ್ಮನ್ನ ಕೇಳದೇನೇ ಬರ್ತದೆ. ಲಕ್ಕುಂಡಿ ಸುದ್ದಿ ಬಿಸಿ ಇರುವಾಗಲೇ ವರ್ತಕರು, ಓಣಿಯ ಹಿರಿಯರು ಒಂದು ಕಡೆ ಕೂತು ತಮ್ಮ ಪಟ್ಟಿ ಬರೆದು ಕೊಡೋದು ಒಳ್ಳೇದು.